ಕೊನೇ ಎರಡು ಪದರ

ಕಾರ್ಖಾನೆ ಬೀದಿಯ ನಮ್ಮ ಅದೇ ಕೋಣೆಯಿಂದ
ಭಾನುವಾರ ಮಧ್ಯಾಹ್ನ, ಹನ್ನೆರಡನೇ ತಾರೀಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣುರಿ ಕಡಿಮೆ ಆಯ್ತಾ? ಹೊಲಿಗೆ ಅಂತ ಕೂತ್ರೆ ನೀನು ಹೊತ್ತು ಗೊತ್ತು ನೋಡಲ್ಲ, ಕಿಟಕಿ ಪಕ್ಕವೇ ಕೂತ್ಕೋ. ಚಿಕ್ಕಮ್ಮನ ಕೆಮ್ಮು ಹೇಗಿದೆ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಹೋದ ವಾರ ನಮ್ಮ ಕೋಣೆಗೂ ಒಂದು ಕರೆಂಟ್ ದೀಪ ಬಂತು. ಅಷ್ಟು ದೂರದ ಜಲಪಾತದ ನೀರು ಚಕ್ರ ತಿರುಗಿಸಿ ಈ ಬೆಳಕು ಬರೋದು ಅಂತ ಯಾರೋ ಹೇಳಿದ್ದಕ್ಕೆ, ಅಮ್ಮ ದಿನಾ ಬೆಳಿಗ್ಗೆ ದೀಪದ ಕೆಳಗಿನ ಗೋಡೆ ಮುಟ್ಟಿ ಮುಟ್ಟಿ ನೋಡ್ತಾಳೆ, ತೇವ ಹಿಡಿದಿದೆಯಾ ಅಂತ! ನೀನಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ನಾನೂ ನಕ್ಕೆ. ಆದರೆ ಆ ದೀಪವನ್ನ ತಲೆ ಎತ್ತಿ ನೋಡೋಕೆ ನನಗೆ ಮುಖ ಇಲ್ಲ. ಯಾಕೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೀನು ಹೋದ ಮೇಲೆ ಮೇಸ್ತ್ರಿ ನಿನ್ನ ಮೇಜನ್ನ ನನಗೇ ಕೊಟ್ಟರು. ಈಗ ಟ್ರಾನ್ಸ್‌ಫಾರ್ಮರ್‌ಗೆ ಎಲ್ಲಿಲ್ಲದ ಬೇಡಿಕೆ. ಹಳೇ ಉಗಿ ಇಂಜಿನ್ನಿನ ಡಿ.ಸಿ. ಕರೆಂಟು ನಾಲ್ಕು ಬೀದಿ ದಾಟೋದ್ರೊಳಗೆ ಸುಸ್ತಾಗ್ತಿತ್ತಲ್ಲ, ಈ ಎ.ಸಿ. ಕರೆಂಟು ಜಲಪಾತದಿಂದ ಮೂವತ್ತು ಮೈಲಿ ಒಂದೇ ಓಟಕ್ಕೆ ಬರುತ್ತೆ. ಬಂದದ್ದರ ಜೋರು ತಗ್ಗಿಸಿ ಮನೆಗೆ ತಕ್ಕಷ್ಟು ಮಾಡೋಕೆ ಊರೂರಿಗೂ ನಾವು ಸುತ್ತಿದ ತಂತಿ ಸುರುಳಿ ಬೇಕು. ಅದಕ್ಕೇ ವಾರ ವಾರ ಹೊಸ ಹುಡುಗಿಯರನ್ನ ಸೇರಿಸ್ಕೊಳ್ತಿದ್ದಾರೆ. ಅವರಿಗೆ ಕಲಿಸೋಳು ನಾನು. ಮೊದಲ ಪಾಠ ಏನು ಗೊತ್ತಾ ಅಕ್ಕಾ? ಮೇಸ್ತ್ರಿ ಆ ಸುಟ್ಟ ಸುರುಳಿಯನ್ನ ತಂದು ಮೇಜಿನ ಮೇಲಿಡ್ತಾರೆ. ನಿನ್ನ ನಂಬರಿನ ತಗಡಿನ ಬಿಲ್ಲೆ ಇನ್ನೂ ಅದಕ್ಕೆ ನೇತಾಡ್ತಿದೆ. "ಒಂದು ಪದರ ತಂತಿ, ಮೇಲೊಂದು ಕಾಗದ, ಮತ್ತೆ ತಂತಿ. ಒಂದೇ ಒಂದು ಕಾಗದ ಬಿಟ್ರೆ ಏನಾಗುತ್ತೆ ಅಂತ ನೀನೇ ಹೇಳಮ್ಮಾ" ಅಂತಾರೆ. ನಾನು ಹೇಳ್ತೀನಿ. ದೀಪ ಹಚ್ಚೋ ದಿನ ಊರೆಲ್ಲ ಸೇರಿದ್ದು, ಶಾಲೆ ಪಕ್ಕದ ಟ್ರಾನ್ಸ್‌ಫಾರ್ಮರ್ ಗುಡುಗಿ ಎಣ್ಣೆ ಉಗುಳಿದ್ದು, ಅದರ ಶೆಡ್ಡು ಹೊತ್ತಿ ಉರಿದದ್ದು, ಸುಡದೆ ಉಳಿದ ತುದಿ ಬಿಚ್ಚಿ ನೋಡಿದ್ರೆ ಕೊನೇ ಎರಡು ಪದರದ ನಡುವೆ ಕರೆಂಟು ತಡೆಯೋ ಕಾಗದವೇ ಇಲ್ಲದ್ದು. "ಅದನ್ನ ಸುತ್ತಿದವಳು ಅವತ್ತೇ ಕೆಲಸ ಕಳ್ಕೊಂಡಳು" ಅಂತ ಮುಗಿಸ್ತಿದ್ದೆ. ನನ್ನ ಬಾಯಿಂದಲೇ. ಎರಡನೇ ಸಲ ಹೇಳುವಾಗ ಧ್ವನಿ ಕೂಡ ನಡುಗಲಿಲ್ಲ.

ಸುರುಳಿ ನಿನ್ನದು ಹೌದು, ಕೊನೇ ಎರಡು ಪದರ ನನ್ನವು. ವಾರ್ನಿಷ್ ಘಾಟಿಗೆ ನಿನಗೆ ಕಣ್ಣು ಬಿಡೋಕಾಗದೆ ಇದ್ದಾಗ, "ನೀನು ಹೋಗಿ ಸ್ವಲ್ಪ ಮಲಕ್ಕೋ, ನಾನು ಮುಗಿಸ್ತೀನಿ" ಅಂತ ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆನಲ್ಲ. ನನ್ನದೂ ಮುಗೀಬೇಕು, ನಿನ್ನದೂ ಮುಗೀಬೇಕು, ಗಂಟೆ ಹೊಡೆಯೋಕೆ ಹತ್ತೇ ನಿಮಿಷ. ಗಡಿಬಿಡಿಯಲ್ಲಿ ಕಾಗದ ಮರೆತೆ. ಆಮೇಲೆ ಮೇಸ್ತ್ರಿ ಎಲ್ಲರ ಮುಂದೆ "ಬಿಲ್ಲೆ ನಿನ್ನದು, ಕೈಕೆಲಸವೂ ನಿನ್ನದೇನಾ?" ಅಂತ ಕೇಳಿದಾಗ ನೀನು ನನ್ನ ಕಡೆ ಒಂದೇ ಸಲ ನೋಡಿದೆ. ನಾನು ಉಗುರು ನೋಡ್ಕೊಂಡು ನಿಂತಿದ್ದೆ. "ನನ್ನದೇ" ಅಂದುಬಿಟ್ಟೆ ನೀನು. ಊರು ಬಿಡುವಾಗಲೂ ಒಂದು ಮಾತು ಅನ್ನಲಿಲ್ಲ. ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದು, ಅಮ್ಮನ ಮಂಡಿಗೆ ಎಣ್ಣೆ ತಿಕ್ಕೋದು ಮರೀಬೇಡ ಅಂತ ಹೇಳಿ ಹೊರಟೆ. ಬೈದಿದ್ರೆ ಬದುಕ್ಕೊಳ್ತಿದ್ದೆ.

ಈ ಗುರುವಾರ ಪಾಠ ಮುಗಿಸಿದ ಮೇಲೆ ಹೊಸಬಳೊಬ್ಬಳು, ಮೂಗಿನ ತುಂಬ ಮಚ್ಚೆಯ ಹುಡುಗಿ, "ಅಲ್ಲಕ್ಕಾ, ಆಮೇಲೆ ಅವರು ಏನಾದ್ರು? ಈಗ ಎಲ್ಲಿದ್ದಾರೆ?" ಅಂದಳು. ಇಷ್ಟು ದಿನ ಯಾರೂ ಕೇಳಿರಲಿಲ್ಲ. "ಅವಳು ನನ್ನ ಒಡಹುಟ್ಟಿದ ಅಕ್ಕ. ಚಿಕ್ಕಮ್ಮನ ಮನೇಲಿ ಬಟ್ಟೆ ಹೊಲೀತಿದ್ದಾಳೆ. ಕಾಗದ ಬಿಟ್ಟಿದ್ದು ನಾನು" ಅಂದೆ. ಎಲ್ಲರ ಕೈಯೂ ನಿಂತುಹೋಯ್ತು. ಬಾಗಿಲಲ್ಲೇ ಇದ್ದ ಮೇಸ್ತ್ರಿ ನನ್ನನ್ನ ಒಳಗೆ ಕರೆದು, "ವರದಿ ಹೋಗಿ ಆರು ತಿಂಗಳಾಯ್ತು, ಈಗ್ಯಾಕೆ ಕೆದಕ್ತೀಯ?" ಅಂತ ಗೊಣಗಿದರು. ನಾನು ಹಠ ಹಿಡಿದು ನಡೆದದ್ದನ್ನ ಬರೆದು ಸಹಿ ಹಾಕಿಕೊಟ್ಟೆ. ಅವರು ಅದನ್ನ ಎರಡು ಸಲ ಓದಿ, ಕನ್ನಡಕ ತೆಗೆದು, "ಮೇಜು ಖಾಲಿ ಇದೆ, ಬಾ ಅಂತ ಅವಳಿಗೆ ಬರೆ. ನೀನು ಮಾತ್ರ ಇನ್ನು ತಂತಿ ಮುಟ್ಟಬೇಡ" ಅಂದ್ರು. ನಾಳೆಯಿಂದ ನನಗೆ ತಾಮ್ರದ ಚೂರು ಆರಿಸೋ ಕೆಲಸ. ಅಮ್ಮನಿಗೂ ಹೇಳಿದೆ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ, ತಟ್ಟೆ ತಂದು ಮುಂದೆ ಕುಕ್ಕಿ ಹೋಗ್ತಾಳೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಅವರಿಗೂ ನಿಜ ಹೇಳಿಬಿಡು. ಅವರಿಗೆ ನಿನ್ನ ಮೇಲಿರೋ ಬೇಸರ ನನ್ನ ಮೇಲೆ ಬರಲಿ.

ನಿನ್ನ ಗಡಿಬಿಡಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಈ ಪತ್ರ ಮಡಚಿದವಳು ಮತ್ತೆ ಬಿಚ್ಚಿದೆ. ಅವತ್ತು ಸಂಜೆ ಮನೆಗೆ ಬಂದಾಗ ಆ ಪದರದ ಕಾಗದ ನನ್ನ ಕೆಲಸದ ಅಂಗಿಯ ಜೇಬಲ್ಲಿ ಸಿಕ್ಕಿತು. ಸುರುಳಿ ಇನ್ನೂ ಎರಡು ದಿನ ಕಪಾಟಿನಲ್ಲೇ ಇತ್ತು. ಒಂದು ಮಾತು ಹೇಳಿದ್ದಿದ್ರೆ ಬಿಚ್ಚಿ ಮತ್ತೆ ಸುತ್ತಬಹುದಿತ್ತು. ಬೈಸ್ಕೊಳ್ಳೋ ಭಯಕ್ಕೆ ಆ ಕಾಗದವನ್ನ ಒಲೆಗೆ ಹಾಕಿದೆ. ಮೇಸ್ತ್ರಿಗೆ ಸಹಿ ಹಾಕಿಕೊಟ್ಟದ್ದರಲ್ಲಿ ಇದಿಲ್ಲ. ಇದನ್ನ ಓದಿದ ಮೇಲೂ ಬರೋಕೆ ಮನಸ್ಸಾದ್ರೆ ಬಾ. ಆಗದಿದ್ರೆ ಬೈದಾದ್ರೂ ಒಂದು ಗೆರೆ ಬರಿ, ಅಕ್ಕಾ. ಸುಮ್ಮನೆ ಮಾತ್ರ ಇರಬೇಡ.