ಕೆನ್ನೆಯೊಳಗಿನ ಕೃತಕ ಮೂಳೆ

ಜೂನ್ ೧೨, ಗುರುವಾರ. ಮಾದಾಪುರ.

ಹನ್ನೊಂದು ವರ್ಷದ ಹಿಂದೆ ಜೀಪು ಮಗುಚಿ ಪುಡಿಯಾದ ಎಡಗೆನ್ನೆಗೆ ಕೃತಕ ಮೂಳೆ ತುಂಬಿದ್ದರು. ಸಾಯುವವರೆಗೂ ಇರುತ್ತದೆ ಎಂದೇ ನಂಬಿದ್ದೆ. ಇವತ್ತು ಮೈಸೂರಿನ ಡಾಕ್ಟರು ಹಳೆಯ ಸ್ಕ್ಯಾನ್ ಪಕ್ಕದಲ್ಲಿ ಹೊಸದನ್ನಿಟ್ಟು, "ಮೂರರಲ್ಲಿ ಒಂದು ಪಾಲು ಕರಗಿದೆ, ನೀಲಾವತಿ. ಮತ್ತೆ ತುಂಬಿದರೂ ಎಷ್ಟು ವರ್ಷ ನಿಲ್ಲುತ್ತೆ ಅಂತ ಹೇಳೋಕಾಗಲ್ಲ" ಎಂದರು.

ಬರುವಾಗ ಬಸ್ಸಿನಲ್ಲಿ ನಮ್ಮ ಯಜಮಾನರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಕೆನ್ನೆ ಇಳೀತಿರೋದು ನಂಗೆ ಎರಡು ವರ್ಷದಿಂದ ಗೊತ್ತುಂಟು. ಹೇಳೋಕೆ ಬಾಯಿ ಬರಲಿಲ್ಲ."

ಮೂಳೆ ಕರಗಿದ್ದಕ್ಕಿಂತ ಈ ಮಾತೇ ನೋಯುತ್ತಿದೆ. ಮದುವೆಮನೆಗೆ ಹೊರಟಾಗಲೆಲ್ಲ ಹೇಗೆ ಕಾಣುತ್ತೇನೆ ಎಂದು ಇವರನ್ನೇ ಕೇಳುತ್ತಿದ್ದೆ. ಚೆನ್ನಾಗಿದ್ದೀ ಎನ್ನುತ್ತಿದ್ದರು. ಕನ್ನಡಿಗಿಂತ ಅದನ್ನೇ ನಂಬಿದ್ದೆ.

ನಾಡಿದ್ದು ಹುದಿಕೇರಿಯಲ್ಲಿ ಮದುವೆಯಿದೆ. ಈ ಸಲ ಕೇಳುವುದಿಲ್ಲ. ಕೇಳದಿದ್ದರೆ ಇವರಿಗೂ ಸುಳ್ಳು ಹೇಳುವ ಕಷ್ಟ ತಪ್ಪುತ್ತದೆ.