ಎಡೆಗಿಡೋ ಪೈಪು

ಕಿಟ್ಟು,

ಶಿವಾಜಿನಗರಕ್ಕೆ ಹೋಗಿ ಬಾಳೆಎಲೆ, ಪೈಪಿನ ತಂಬಾಕು ಎರಡೂ ತಂದ್ಬಿಡ್ತೀನಿ. ಸಾಯಂಕಾಲ ಹಿರಿಯರಿಗೆ ಎಡೆ ಇಡ್ಬೇಕು, ಅಷ್ಟರೊಳಗೆ ನಿಮ್ಮಪ್ಪನ ಪೈಪು ಕ್ಲೀನ್ ಮಾಡಿಡು.

ನೀರು ಮುಟ್ಟಿಸ್ಬೇಡ. ಅವರ ಕನ್ನಡಕಾನ ಪಾತ್ರೆ ತೊಳೆಯೋ ಸೋಪಲ್ಲಿ ಉಜ್ಜಿ ಹಾಳು ಮಾಡಿದ್ದು ಸಾಕು. ಕೊಳವೆನ ಮೆಲ್ಲಗೆ ತಿರುಗಿಸಿ ಬಿಚ್ಚು. ಎಡೆಗೆ ತಂದಿರೋ ಬ್ರಾಂದೀಲಿ ದೀಪದ ಬತ್ತಿ ಅದ್ದಿ ಒಳಗೆಲ್ಲ ಒರೆಸು. ಮಿಕ್ಕಿದ ಬ್ರಾಂದಿ ಅಪ್ಪಂಗೆ, ನಿನಗಲ್ಲ.

ತಂಬಾಕು ತುಂಬೋ ಕಡೆ ಹಿಡಿದಿರೋ ಕರಿ ಮಾತ್ರ ಕೆರೀಬೇಡ, ಆ ಪೈಪಿನ ವಾಸನೆ ಅದರಲ್ಲೇ ಇರೋದು. ಮರ್ಫಿ ಟೌನ್ ಮನೇಲಿ ಅವರು ಡ್ಯೂಟಿ ಮುಗಿಸಿ ಬಂದಿದ್ದು ಗೇಟ್ ಸದ್ದಿಗಿಂತ ಮೊದಲು ಆ ವಾಸನೇಲೇ ಗೊತ್ತಾಗ್ತಿತ್ತು.

ಬೀಡಿ ಆಗಿದ್ರೆ ಹಚ್ಚಿ ಎಲೆ ಪಕ್ಕ ಇಟ್ಬಿಡಬಹುದಿತ್ತು. ಪೈಪು ಯಾರಾದ್ರೂ ಸೇದದೇ ಇದ್ರೆ ಆರಿಹೋಗುತ್ತೆ. ‘ನಾನೇ ಸೇದ್ಲೇನಮ್ಮ?’ ಅಂತ ನಿನ್ನೆ ಕೇಳ್ದೆ. ಬೇಡ. ಸಿಗರೇಟು ಬಿಡೋಕೆ ನೀನು ಪಟ್ಟ ಪಾಡು ಕಣ್ಣಾರೆ ನೋಡಿದ್ದೀನಿ.

ನಾನೇ ಬಂದು ಹಚ್ತೀನಿ. ನಗಬೇಡ. ಕೊನೆಕೊನೆಗೆ ಅವರ ಕೈ ನಡುಗ್ತಿತ್ತಲ್ಲ, ಆಗ ಹಿತ್ತಲಲ್ಲಿ ಕೂತು ಮೊದಲ ದಮ್ಮು ಎಳೆದು, ಕೆಂಡ ಹಿಡಿಸಿ, ಅವರ ಬಾಯಿಗೆ ಕೊಡ್ತಿದ್ದವಳು ನಾನೇ.

ಅಮ್ಮ