ಅಪ್ಪನ ರಕ್ತ ಎಂದು ನಾನು ಹೇಳಿದ್ದು

ನವೆಂಬರ್ ೧೨, ಬುಧವಾರ

ಕುದುರೆಗಳ ಹಲ್ಲಿನ ಡಾಕ್ಟರು ಹೋಗಿ ಆರು ತಾಸಾಯಿತು. ಅವರ ಮಾತು ಇನ್ನೂ ಕಿವಿಯಲ್ಲೇ ಇದೆ.

"ದವಡೆಹಲ್ಲು ಸೀಳಿದೆ. ಕಡಿವಾಣ ಎಳೆದಾಗಲೆಲ್ಲ ಜೀವ ಹೋಗೋ ಹಾಗೆ ನೋವಾಗಿರುತ್ತೆ. ಕೆಟ್ಟ ಬುದ್ಧಿ ಅಂತ ಯಾರಂದ್ರು?"

ನಾನೇ ಅಂದದ್ದು. ಇಡೀ ವರ್ಷ ಎಲ್ಲರ ಮುಂದೆ ಅಂದೆ. ಪಂದ್ಯದಲ್ಲಿ ನಮ್ಮ ಹೆಣ್ಣುಕುದುರೆ ಕೆಂಚಿ ಬೇಲಿ ಹಾರದೆ ತಲೆ ಕೊಡವಿ ನಿಂತಾಗಲೆಲ್ಲ, "ಅವಳಪ್ಪನ ರಕ್ತ ಕಣಮ್ಮ, ಆ ಗಂಡುಕುದುರೆನೂ ಹೀಗೇ ಮೊಂಡ" ಎಂದು ಮಗಳ ಬಾಯಿ ಮುಚ್ಚಿಸಿ, ಮನೆಗೆ ಬಂದು ಚಾವಟಿ ಹಿಡಿಯುತ್ತಿದ್ದೆ. "ಅಪ್ಪಾ, ಬಾಯಿ ನೋವಿರಬೇಕು, ಒಂದ್ಸಲ ತೋರಿಸೋಣ" ಎಂದು ಅವಳು ಮೂರು ಸಲ ಹೇಳಿದ್ದಳು. ಸವಾರಿ ಮಾಡುವವಳು ಅವಳು. ಮೂವತ್ತು ವರ್ಷ ಕುದುರೆ ಪಳಗಿಸಿದವನೆಂಬ ಜಂಬ ನನಗೆ.

ಆ ಗಂಡಿನ ಮರಿಗಳು ಬೇಗ ಬೆಚ್ಚುತ್ತವೆ, ಅದು ಸುಳ್ಳಲ್ಲ. ಆದರೆ ಬೆಚ್ಚುವ ಕುದುರೆಗೆ ಮೆತ್ತಗಿನ ಕೈ ಬೇಕು ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ಪಕ್ಕದ ಲಾಯದಲ್ಲಿ ಅದೇ ಗಂಡಿನ ಇನ್ನೊಂದು ಮಗಳು ಹಸುವಿನಷ್ಟು ಸಾಧು. ದಿನಾ ಕಣ್ಣೆದುರೇ ಇತ್ತು.

ಸಂಜೆ ಲಾಯಕ್ಕೆ ಹೋಗಿ ಕೆಂಚಿಯ ಕೆನ್ನೆ ನೇವರಿಸಲು ಕೈ ಎತ್ತಿದೆ. ಕಚ್ಚಲಿಲ್ಲ, ಒದೆಯಲಿಲ್ಲ. ಗೋಡೆಗೆ ಅಂಟಿಕೊಂಡು ನಡುಗಿತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕೈ ಕೆಳಗಿಡಪ್ಪಾ, ಹೆದರ್ತಾಳೆ" ಎಂದಳು, ಅಷ್ಟೇ. ಬೈದಿದ್ದರೆ ನನಗೆ ಒಂದಿಷ್ಟು ಹಗುರಾಗುತ್ತಿತ್ತು.